ಹತ್ತು ತಿಂಗಳಿಗೆ ಒಂದು ವರ್ಷದ ಬೋನಸ್: ಬ್ರಿಟನ್‌ನಲ್ಲಿ ಈ ಕಾರ್ ಇನ್ಶೂರೆನ್ಸ್ ತಗೊಳ್ಳಬೇಕಾ, ಬೇಡವಾ?

ಬ್ರಿಟನ್‌ಗೆ ಬಂದು ಮೊದಲ ಸಲ ಕಾರ್ ಕೊಳ್ಳುವವರಿಗೆ ಕಾರಿನ ಬೆಲೆಗಿಂತ ಇನ್ಶೂರೆನ್ಸ್ ಬೆಲೆಯೇ ಜಾಸ್ತಿ ದಿಗಿಲು ಹುಟ್ಟಿಸುತ್ತದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಹದಿನೈದು ವರ್ಷ ಒಂದು ಗೀರೂ ಬೀಳದ ಹಾಗೆ ಓಡಿಸಿದ್ದರೂ ಇಲ್ಲಿನ ಲೆಕ್ಕದಲ್ಲಿ ನೀವು ಹೊಸಬರು. ನೋ ಕ್ಲೇಮ್ ಬೋನಸ್ (ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ರಿಯಾಯಿತಿ) ಸೊನ್ನೆ. ಅದಕ್ಕೇ ಪ್ರೀಮಿಯಂ ಆಕಾಶಕ್ಕೆ.

ಆ ಹೊತ್ತಿನಲ್ಲಿ ಒಂದು ಪಾಲಿಸಿ ಕಣ್ಣಿಗೆ ಬೀಳುತ್ತದೆ. ಹತ್ತು ತಿಂಗಳು ಕ್ಲೇಮ್ ಮಾಡದೆ ಓಡಿಸಿ, ಪೂರ್ತಿ ಒಂದು ವರ್ಷದ ಬೋನಸ್ ತಗೊಳ್ಳಿ ಅನ್ನುತ್ತದೆ. ಕಾರ್ಡಿಫ್‌ನ ಅಡ್ಮಿರಲ್ ಕಂಪನಿ ಇದನ್ನು 'ಬೋನಸ್ ಆಕ್ಸಿಲರೇಟರ್' ಅನ್ನುವ ಹೆಸರಿನಲ್ಲಿ ಮಾರಿ ಜನಪ್ರಿಯ ಮಾಡಿತು. "ಅಣ್ಣಾ, ಎರಡು ತಿಂಗಳು ಉಳಿಯುತ್ತಲ್ಲ, ತಗೊಂಡುಬಿಡ್ಲಾ?" ಅಂತ ಹೊಸದಾಗಿ ಬಂದ ಹುಡುಗರು ನನ್ನನ್ನು ಕೇಳುತ್ತಿರುತ್ತಾರೆ. ಹೌದು, ಇಲ್ಲ ಅಂತ ಒಂದೇ ಮಾತಲ್ಲಿ ಹೇಳಲು ಆಗುವುದಿಲ್ಲ. ಆದರೆ ಕಾಗದ, ಪೆನ್ನು, ಹತ್ತು ನಿಮಿಷ ಇದ್ದರೆ ನಿಮ್ಮ ಉತ್ತರ ನಿಮಗೇ ಸಿಗುತ್ತದೆ. ಆ ಲೆಕ್ಕವನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಹಂತ 1: ಬೋನಸ್ ಯಾರದು, ಎಷ್ಟು ದಿನ ಬಾಳುತ್ತದೆ ಅಂತ ತಿಳಿದುಕೊಳ್ಳಿ

ನೋ ಕ್ಲೇಮ್ ಬೋನಸ್ ಅಂದರೆ ಕೈಗೆ ಬರುವ ದುಡ್ಡಲ್ಲ. ಕ್ಲೇಮ್ ಇಲ್ಲದೆ ಕಳೆದ ಪ್ರತಿ ವರ್ಷಕ್ಕೆ ಮುಂದಿನ ಪ್ರೀಮಿಯಂನಲ್ಲಿ ಕೊಡುವ ರಿಯಾಯಿತಿ. ಅದು ಕಾರಿಗೆ ಸೇರಿದ್ದಲ್ಲ, ಪಾಲಿಸಿ ಯಾರ ಹೆಸರಲ್ಲಿದೆಯೋ ಅವರಿಗೆ ಸೇರಿದ್ದು. ಗಂಡನ ಹೆಸರಲ್ಲಿ ಪಾಲಿಸಿ, ಹೆಂಡತಿ ನೇಮ್ಡ್ ಡ್ರೈವರ್ (ಅದೇ ಪಾಲಿಸಿಯಲ್ಲಿ ಓಡಿಸಲು ಹೆಸರು ಸೇರಿಸಿದವರು) ಅಂತಿದ್ದರೆ ಬೋನಸ್ ಬೆಳೆಯುವುದು ಗಂಡನಿಗೆ ಮಾತ್ರ. ಹೆಂಡತಿ ಎಷ್ಟೇ ವರ್ಷ ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬಂದರೂ, ತನ್ನದೇ ಕಾರ್ ತಗೊಂಡ ದಿನ ಸಾಮಾನ್ಯವಾಗಿ ಸೊನ್ನೆಯಿಂದಲೇ ಶುರು ಮಾಡಬೇಕು. ಕೆಲವು ಕಂಪನಿಗಳು ತಮ್ಮಲ್ಲೇ ನೇಮ್ಡ್ ಡ್ರೈವರ್ ಆಗಿದ್ದವರಿಗೆ ಸ್ವಲ್ಪ ರಿಯಾಯಿತಿ ಕೊಡುತ್ತವೆ, ಕೇಳಿ ನೋಡಿ.

ಇನ್ನೆರಡು ಸಂಗತಿ. ಒಂದು ಬೋನಸ್ಸನ್ನು ಒಂದು ಸಲಕ್ಕೆ ಒಂದೇ ಕಾರಿಗೆ ಬಳಸಬಹುದು. ಮತ್ತೆ, ಪಾಲಿಸಿ ಮುಗಿದು ಎರಡು ವರ್ಷ ಬಳಸದೆ ಬಿಟ್ಟರೆ ಹೆಚ್ಚಿನ ಕಂಪನಿಗಳು ಅದನ್ನು ಒಪ್ಪುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಹಂತ 2: ಎರಡು ಬಗೆಯ ಚಿಕ್ಕ ಪಾಲಿಸಿಗಳನ್ನು ಬೆರೆಸಬೇಡಿ

ಇಲ್ಲಿ ಬಹಳ ಜನ ಎಡವುತ್ತಾರೆ. ಒಂದು ದಿನ, ಒಂದು ವಾರ, ಒಂದು ತಿಂಗಳಿಗೆ ಸಿಗುವ ಟೆಂಪರರಿ ಇನ್ಶೂರೆನ್ಸ್ ಬೇರೆ. ಸ್ನೇಹಿತರ ಕಾರ್ ಓಡಿಸಲು, ಹೊಸ ಕಾರನ್ನು ಮನೆಗೆ ತರಲು ಅದು ಒಳ್ಳೆಯದು. ಆದರೆ ಅದರಿಂದ ಸಾಮಾನ್ಯವಾಗಿ ಬೋನಸ್ ಬೆಳೆಯುವುದಿಲ್ಲ. ಹನ್ನೆರಡು ಸಲ ತಿಂಗಳ ಪಾಲಿಸಿ ತಗೊಂಡರೂ ಒಂದು ವರ್ಷದ ಬೋನಸ್ ಆಗುವುದಿಲ್ಲ.

ನಾವು ಮಾತಾಡುತ್ತಿರುವುದು ಹತ್ತು ತಿಂಗಳ ಪಾಲಿಸಿ. 'ಇದು ಮುಗಿದಾಗ ಒಂದು ವರ್ಷದ ಬೋನಸ್ ಕೊಡುತ್ತೇವೆ' ಅಂತ ಕಂಪನಿಯೇ ಬರೆದುಕೊಟ್ಟಿರಬೇಕು. ಆ ಮಾತು ಪಾಲಿಸಿಯಲ್ಲಿ ಇಲ್ಲದಿದ್ದರೆ ಅದು ಬರೀ ಚಿಕ್ಕ ಪಾಲಿಸಿ, ಅಷ್ಟೇ. ಹಾಗೆಯೇ ಹನ್ನೆರಡು ತಿಂಗಳ ಪಾಲಿಸಿ ತಗೊಂಡು ಹತ್ತನೇ ತಿಂಗಳಲ್ಲಿ ರದ್ದು ಮಾಡಿದರೂ ಬೋನಸ್ ಸಿಗುತ್ತದೆ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಆ ವರ್ಷದ ಬೋನಸ್ ಹೋಗುತ್ತದೆ, ರದ್ದತಿ ಶುಲ್ಕವೂ ತಲೆಗೆ ಬರುತ್ತದೆ.

ಹಂತ 3: ನಿಮ್ಮ ಬೋನಸ್ ನಿಜವಾಗಿ ಸೊನ್ನೆಯೇ?

ಭಾರತದಲ್ಲಿ ನಿಮಗೆ 50 ಶೇಕಡ ನೋ ಕ್ಲೇಮ್ ಬೋನಸ್ ಇದ್ದಿರಬಹುದು. ಅಲ್ಲಿನ ಮೆಟ್ಟಿಲು ಗೊತ್ತಿರುವುದೇ: 20, 25, 35, 45, 50. ಅದು ಸಿಗುವುದು ಓನ್ ಡ್ಯಾಮೇಜ್ (ಸ್ವಂತ ಕಾರಿನ ಹಾನಿಯ) ಭಾಗದ ಮೇಲೆ ಮಾತ್ರ, ಅದೂ ಪೂರ್ತಿ ಹನ್ನೆರಡು ತಿಂಗಳು ಮುಗಿದ ಮೇಲೆ. ಹತ್ತು ತಿಂಗಳ ಅಡ್ಡದಾರಿ ಅಲ್ಲಿಲ್ಲ. ಬ್ರಿಟನ್‌ನ ಬಹಳಷ್ಟು ಕಂಪನಿಗಳು ಭಾರತದ ಬೋನಸ್ ಒಪ್ಪುವುದಿಲ್ಲ. ಆದರೂ ಊರಿಂದ ಹೊರಡುವ ಮುಂಚೆ ಅಲ್ಲಿನ ಕಂಪನಿಯಿಂದ ಇಂಗ್ಲಿಷ್‌ನಲ್ಲಿ ಒಂದು ಪತ್ರ ಬರೆಸಿಕೊಂಡು ಬನ್ನಿ. ಎಷ್ಟು ವರ್ಷ ಪಾಲಿಸಿ ಇತ್ತು, ಕ್ಲೇಮ್ ಇತ್ತೋ ಇಲ್ಲವೋ, ಇಷ್ಟು ಅದರಲ್ಲಿರಲಿ. ಇಲ್ಲಿ ಮೂರ್ನಾಲ್ಕು ಕಂಪನಿಗೆ ಫೋನ್ ಮಾಡಿ ಕೇಳಿ. ಒಂದು ಕಡೆ ಒಪ್ಪಿದರೂ ಹತ್ತು ತಿಂಗಳ ಪಾಲಿಸಿಯ ವಿಚಾರವೇ ಬೇಡ.

ಲೈಸೆನ್ಸ್ ಕಡೆಯೂ ಒಂದು ಗಡುವಿದೆ. ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ಭಾರತದ ಲೈಸೆನ್ಸ್‌ನಲ್ಲಿ ಓಡಿಸಬಹುದು. ಅದನ್ನು ಇಲ್ಲಿನ ಲೈಸೆನ್ಸ್‌ಗೆ ನೇರವಾಗಿ ಬದಲಾಯಿಸಿಕೊಳ್ಳಲು ಬರುವುದಿಲ್ಲ. ಪ್ರೊವಿಷನಲ್ (ಕಲಿಯುವವರ) ಲೈಸೆನ್ಸ್ ತಗೊಂಡು ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗಬೇಕು. ಬಂದ ಎರಡನೇ ತಿಂಗಳಿಗೆ ಕಾರ್ ತಗೊಂಡರೆ ಹತ್ತು ತಿಂಗಳ ಪಾಲಿಸಿ ಮುಗಿಯುವುದೂ ಆ ಗಡುವು ಮುಗಿಯುವುದೂ ಒಟ್ಟಿಗೇ ಆಗುತ್ತದೆ. ಅಷ್ಟರಲ್ಲಿ ಟೆಸ್ಟ್ ಪಾಸಾಗಿದ್ದರೆ ಹೊಸ ಲೈಸೆನ್ಸ್, ಒಂದು ವರ್ಷದ ಬೋನಸ್ ಎರಡನ್ನೂ ಹಿಡಿದುಕೊಂಡು ಹೊಸ ಕೋಟ್ (ಕಂಪನಿ ಹೇಳುವ ಬೆಲೆ) ಕೇಳಬಹುದು. ನನಗೆ ಈ ಪಾಲಿಸಿ ಹೊಸಬರಿಗೆ ಚೆನ್ನಾಗಿ ಕೂಡಿಬರುವ ಸಂದರ್ಭ ಅಂತ ಅನ್ನಿಸುವುದು ಇದೇ. ನಡುವೆಯೇ ಟೆಸ್ಟ್ ಪಾಸಾದರೆ ಆಗಲೇ ಕಂಪನಿಗೆ ತಿಳಿಸಿ, ಪಾಲಿಸಿ ಮುಗಿಯುವ ತನಕ ಕಾಯಬೇಡಿ.

ಹಂತ 4: ಮೂರು ಸಂಖ್ಯೆ ಬರೆದುಕೊಳ್ಳಿ

ಮೊದಲನೆಯದು, ಇವತ್ತು ನಿಮಗೆ ಸಿಗುವ ಅತಿ ಅಗ್ಗದ 12 ತಿಂಗಳ ಪಾಲಿಸಿಯ ಬೆಲೆ. ಒಂದೇ ಕಂಪನಿಯದ್ದಲ್ಲ, ಎರಡು ಮೂರು ಹೋಲಿಕೆ ಸೈಟ್‌ಗಳಲ್ಲಿ ಹುಡುಕಿದ ಮೇಲೆ ಸಿಕ್ಕಿದ್ದು.

ಎರಡನೆಯದು, 10 ತಿಂಗಳ ಪಾಲಿಸಿಯ ಬೆಲೆ. ಇದು ಹೋಲಿಕೆ ಸೈಟ್‌ನಲ್ಲಿ ಕಾಣದೇ ಇರಬಹುದು. ಕಂಪನಿಯ ಸೈಟ್‌ಗೇ ಹೋಗಿ ಅಥವಾ ಫೋನ್ ಮಾಡಿ ಕೇಳಿ. ಎಕ್ಸೆಸ್ (ಕ್ಲೇಮ್ ಆದಾಗ ನೀವೇ ಕೈಯಿಂದ ಕೊಡುವ ಪಾಲು), ಕವರ್, ವರ್ಷಕ್ಕೆ ಓಡಿಸುವ ಮೈಲಿ ಎಲ್ಲ ಎರಡೂ ಕಡೆ ಒಂದೇ ಇರಬೇಕು. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಮೂರನೆಯದು, ಒಂದು ವರ್ಷದ ಬೋನಸ್ ಇದ್ದರೆ ಪ್ರೀಮಿಯಂ ಎಷ್ಟಾಗುತ್ತದೆ ಅನ್ನುವ ಅಂದಾಜು. ಇದಕ್ಕಾಗಿ ಕೋಟ್ ಫಾರಂನಲ್ಲಿ ಸುಳ್ಳು ತುಂಬಬೇಡಿ. ಕಂಪನಿಯನ್ನೇ ಕೇಳಿ. ಬೋನಸ್ ಪ್ರೊಟೆಕ್ಷನ್ (ಕ್ಲೇಮ್ ಆದರೂ ಬೋನಸ್ ಉಳಿಸುವ ಹೆಚ್ಚುವರಿ ರಕ್ಷಣೆ) ಮಾರುವ ಕಂಪನಿಗಳು ಎಷ್ಟು ವರ್ಷಕ್ಕೆ ಸರಾಸರಿ ಎಷ್ಟು ರಿಯಾಯಿತಿ ಅನ್ನುವ ಪಟ್ಟಿ ಕೊಡಲೇಬೇಕು ಅಂತ ಸ್ಪರ್ಧಾ ನಿಯಂತ್ರಣ ಸಂಸ್ಥೆ 2015ರಲ್ಲಿ ಆದೇಶ ಮಾಡಿದೆ. ಆ ಪಟ್ಟಿ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಅದರಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಸಾಮಾನ್ಯವಾಗಿ ಮೊದಲ ವರ್ಷಕ್ಕೆ ಸಿಗುವ ಇಳಿಕೆ ದೊಡ್ಡದು, ಆಮೇಲೆ ಮೆಟ್ಟಿಲು ಸಣ್ಣದಾಗುತ್ತಾ ಹೋಗುತ್ತದೆ.

ಹಂತ 5: ಲೆಕ್ಕ ಹಾಕಿ

ಉದಾಹರಣೆಗೆ ಅಂತ ಸಂಖ್ಯೆ ಇಟ್ಟುಕೊಳ್ಳೋಣ. ಸೊನ್ನೆ ಬೋನಸ್‌ಗೆ 12 ತಿಂಗಳ ಪ್ರೀಮಿಯಂ 1,200 ಪೌಂಡ್, ಅಂದರೆ ತಿಂಗಳಿಗೆ 100. ಒಂದು ವರ್ಷದ ಬೋನಸ್ ಬಂದ ಮೇಲೆ 900, ಅಂದರೆ ತಿಂಗಳಿಗೆ 75.

ದಾರಿ ಒಂದು: 12 ತಿಂಗಳ ಪಾಲಿಸಿ. ಮೊದಲ ವರ್ಷ ಖರ್ಚು 1,200.

ದಾರಿ ಎರಡು: 10 ತಿಂಗಳ ಪಾಲಿಸಿ, ಆಮೇಲೆ ಹೊಸ ದರದಲ್ಲಿ ಎರಡು ತಿಂಗಳು. ಆ ಎರಡು ತಿಂಗಳಿಗೆ 150. ಹಾಗಾದರೆ 10 ತಿಂಗಳ ಪಾಲಿಸಿ 1,050ಕ್ಕಿಂತ ಕಡಿಮೆಗೆ ಸಿಕ್ಕರೆ ಮೊದಲ ವರ್ಷವೇ ಲಾಭ. ಸೂತ್ರ ಇಷ್ಟೇ: 12 ತಿಂಗಳ ಬೆಲೆಯಿಂದ ಮುಂದಿನ ವರ್ಷದ ಬೆಲೆಯ ಆರನೇ ಒಂದು ಭಾಗ ಕಳೆಯಿರಿ. ಬಂದ ಸಂಖ್ಯೆ ನಿಮ್ಮ ಗೆರೆ. ಹತ್ತು ತಿಂಗಳ ಕೋಟ್ ಗೆರೆಯ ಕೆಳಗಿದ್ದರೆ ತಗೊಳ್ಳಿ.

ಈಗ ಈ ಗೆರೆಯನ್ನು ಸ್ವಲ್ಪ ಗಮನಿಸಿ. ತಿಂಗಳಿಗೆ 100ರಂತೆ ಹತ್ತು ತಿಂಗಳಿಗೆ ನ್ಯಾಯವಾದ ಬೆಲೆ 1,000. ಗೆರೆ ಇರುವುದು 1,050ಕ್ಕೆ. ಬೋನಸ್ ಬೇಗ ಸಿಗಲಿ ಅಂತ ನೀವು ಹೆಚ್ಚಿಗೆ ಕೊಡಬಹುದಾದದ್ದು ಬರೀ 50 ಪೌಂಡ್. ಹತ್ತು ತಿಂಗಳ ಪಾಲಿಸಿಯ ತಿಂಗಳ ದರ ಶೇಕಡ ಐದಕ್ಕಿಂತ ಜಾಸ್ತಿ ದುಬಾರಿ ಆಯಿತು ಅಂದರೆ ಮೊದಲ ವರ್ಷದ ಲಾಭ ಅಲ್ಲಿಗೇ ಹೋಯಿತು.

"ಬೋನಸ್ ಮುಂದಿನ ಎಲ್ಲ ವರ್ಷಕ್ಕೂ ಎರಡು ತಿಂಗಳು ಮುಂದಿರುತ್ತದಲ್ಲ, ಅದರ ಲೆಕ್ಕ?" ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಐದು ವರ್ಷದ ಬೋನಸ್ ಆದಾಗ ಪ್ರೀಮಿಯಂ 600ಕ್ಕೆ ಇಳಿದು ನಿಲ್ಲುತ್ತದೆ ಅಂತ ಇಟ್ಟುಕೊಳ್ಳಿ, ತಿಂಗಳಿಗೆ 50. ಪ್ರತಿ ಮೆಟ್ಟಿಲನ್ನೂ ನೀವು ಎರಡು ತಿಂಗಳು ಮೊದಲು ಇಳಿಯುತ್ತೀರಿ. ಎಲ್ಲ ಮೆಟ್ಟಿಲನ್ನೂ ಕೂಡಿದರೆ ತಿಂಗಳ ದರ 100ರಿಂದ 50ಕ್ಕೆ ಬಂತು. ಆ 50 ಪೌಂಡ್ ವ್ಯತ್ಯಾಸ ಎರಡು ತಿಂಗಳಿಗೆ, ಒಟ್ಟು 100 ಪೌಂಡ್. ಐದು ವರ್ಷ ಒಂದೂ ಕ್ಲೇಮ್ ಇಲ್ಲದೆ, ಇದೇ ದೇಶದಲ್ಲಿ ಕಾರ್ ಓಡಿಸಿದರೆ ಈ ಪಾಲಿಸಿಯಿಂದ ಸಿಗುವ ಪೂರ್ತಿ ಲಾಭ ಅಷ್ಟೇ. ಅಂದರೆ 1,050ರಿಂದ 1,100ರ ನಡುವೆ ಕೋಟ್ ಬಂದರೆ ದುಡ್ಡು ನಿಧಾನವಾಗಿ ವಾಪಸ್ ಬರುತ್ತದೆ. 1,100 ದಾಟಿದರೆ ಬರುವುದೇ ಇಲ್ಲ.

ಎರಡನೇ ಸಲವೂ ಹತ್ತು ತಿಂಗಳದ್ದೇ ತಗೊಳ್ಳೋಣವೇ? ಎರಡು ವರ್ಷದ ಬೋನಸ್‌ಗೆ ಪ್ರೀಮಿಯಂ 780 ಅಂತಿದ್ದರೆ, ಹೊಸ ಗೆರೆ 900ರಿಂದ 130 ಕಳೆದು 770. ನ್ಯಾಯವಾದ ಹತ್ತು ತಿಂಗಳ ಬೆಲೆ 750. ಹೆಚ್ಚಿಗೆ ಕೊಡಬಹುದಾದದ್ದು 20 ಪೌಂಡ್‌ಗೆ ಇಳಿಯಿತು. ಮೂರನೇ ಸಲ ಇನ್ನೂ ಕಡಿಮೆ. ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ: ಈ ಪಾಲಿಸಿ ತಗೊಳ್ಳುವುದಾದರೆ ಮೊದಲ ಸಲ ಮಾತ್ರ, ಅದೂ ಗೆರೆಯ ಕೆಳಗೆ ಸಿಕ್ಕರೆ. ನಾಲ್ಕು, ಐದು ವರ್ಷದ ಬೋನಸ್ ಇದ್ದವರಿಗೆ ಇದರಿಂದ ಏನೂ ಸಿಗುವುದಿಲ್ಲ. ಕಂಪನಿಯ ಮೆಟ್ಟಿಲು ಎಲ್ಲಿ ನಿಲ್ಲುತ್ತದೆ ಅಂತ ಕೇಳಿ, ಅದನ್ನು ಮುಟ್ಟಿದವರು ಅವಸರ ಮಾಡಿ ಪ್ರಯೋಜನವಿಲ್ಲ.

ಹಂತ 6: ಲೆಕ್ಕ ಕೆಡಿಸುವ ಸಂಗತಿಗಳನ್ನು ನೋಡಿ

ಮೊದಲನೆಯದು ಮಾರುಕಟ್ಟೆ. ಪಾಲಿಸಿ ಅಂದರೆ ಒಂದು ಅವಧಿಗೆ ಬೆಲೆಯನ್ನು ಕಟ್ಟಿಹಾಕುವುದು. ಬ್ರಿಟನ್ ಇನ್ಶೂರೆನ್ಸ್ ಕಂಪನಿಗಳ ಸಂಘದ ಪ್ರಕಾರ 2022ರಲ್ಲಿ ಸರಾಸರಿ ಪ್ರೀಮಿಯಂ 434 ಪೌಂಡ್ ಇತ್ತು, 2023ರಲ್ಲಿ 543 ಆಯಿತು. ಒಂದೇ ವರ್ಷದಲ್ಲಿ ಕಾಲು ಭಾಗ ಏರಿಕೆ. ಅಂಥ ವರ್ಷದಲ್ಲಿ ಹಳೇ ಬೆಲೆಯನ್ನು ಎರಡು ತಿಂಗಳು ಹೆಚ್ಚಿಗೆ ಹಿಡಿದಿಟ್ಟುಕೊಂಡವರೇ ಗೆದ್ದವರು. ಬೆಲೆ ಇಳಿಯುವ ಕಾಲದಲ್ಲಿ ಉಲ್ಟಾ. ಬೆಲೆ ಏರುತ್ತಿದೆ ಅಂತ ಸುತ್ತಲಿನವರೆಲ್ಲ ಹೇಳುತ್ತಿದ್ದರೆ 12 ತಿಂಗಳದ್ದೇ ಕ್ಷೇಮ.

ಎರಡನೆಯದು ವಯಸ್ಸು. ಹೊಸ ಚಾಲಕರ ಪ್ರೀಮಿಯಂ ಇಳಿಯುವುದು ಬರೀ ಬೋನಸ್‌ನಿಂದ ಅಲ್ಲ. ವಯಸ್ಸು ಒಂದು ವರ್ಷ ಜಾಸ್ತಿ ಆಗಿದೆ, ಲೈಸೆನ್ಸ್ ಒಂದು ವರ್ಷ ಹಳೆಯದಾಗಿದೆ, ಅದೂ ಸೇರಿರುತ್ತದೆ. ಹತ್ತು ತಿಂಗಳ ಪಾಲಿಸಿ ಬೋನಸ್ಸನ್ನು ಬೇಗ ತರುತ್ತದೆ, ಕ್ಯಾಲೆಂಡರನ್ನು ಬೇಗ ಓಡಿಸುವುದಿಲ್ಲ. ಸ್ನೇಹಿತರು "ನಂದು ಮೊದಲ ವರ್ಷ ಆದಮೇಲೆ ಅರ್ಧಕ್ಕೆ ಇಳೀತು" ಅಂದರೆ ಅದೆಲ್ಲ ಬೋನಸ್ ಮಹಿಮೆ ಅಂದುಕೊಳ್ಳಬೇಡಿ.

ಮೂರನೆಯದು ಕ್ಲೇಮ್. ಮೊದಲ ವರ್ಷ ಒಂದು ಕ್ಲೇಮ್ ಆದರೆ ಬೋನಸ್ ಮತ್ತೆ ಸೊನ್ನೆ, ಹೆಚ್ಚಿಗೆ ಕೊಟ್ಟ ದುಡ್ಡೂ ಹೋಯಿತು. ತಪ್ಪು ನಿಮ್ಮದಲ್ಲದಿದ್ದರೂ, ಎದುರಿನವರ ಕಂಪನಿಯಿಂದ ಪೂರ್ತಿ ಹಣ ವಸೂಲಾಗುವ ತನಕ ನಿಮ್ಮ ಬೋನಸ್ ತಡೆಯಲ್ಲಿ ಇರಬಹುದು. ಸಣ್ಣ ತಾಗುವಿಕೆಯನ್ನು ಕ್ಲೇಮ್ ಮಾಡದೆ ಕೈಯಿಂದ ರಿಪೇರಿ ಮಾಡಿಸಿದರೂ ಕಂಪನಿಗೆ ತಿಳಿಸಲೇಬೇಕು. ವಿಂಡ್‌ಸ್ಕ್ರೀನ್ ಕ್ಲೇಮ್ ಸಾಮಾನ್ಯವಾಗಿ ಬೋನಸ್ ಮುಟ್ಟುವುದಿಲ್ಲ.

ಕಂತಿನಲ್ಲಿ ಕಟ್ಟುವುದಾದರೆ ಬಡ್ಡಿಯನ್ನೂ ಸೇರಿಸಿಯೇ ಮೂರೂ ಸಂಖ್ಯೆ ಬರೆದುಕೊಳ್ಳಿ.

ಹಂತ 7: ಕೊಳ್ಳುವ ಮುಂಚೆ ಕೇಳಬೇಕಾದದ್ದು

- ಹತ್ತು ತಿಂಗಳು ಮುಗಿದ ಮೇಲೆ ಕೊಡುವ ಪತ್ರದಲ್ಲಿ '1 ವರ್ಷ' ಅಂತಲೇ ಬರೆಯುತ್ತೀರಾ?
- ಬೇರೆ ಕಂಪನಿಗೆ ಹೋದರೂ ಆ ವರ್ಷ ಲೆಕ್ಕಕ್ಕೆ ಬರುತ್ತದಾ? ಇದನ್ನು ನೀವು ಮುಂದೆ ಹೋಗಬಹುದಾದ ಒಂದೆರಡು ಕಂಪನಿಗಳನ್ನೂ ಕೇಳಿ.
- ಮುಗಿದ ಕೂಡಲೇ ತಾನಾಗಿಯೇ ರಿನ್ಯೂ ಆಗುತ್ತದಾ? ಆದರೆ ಹತ್ತು ತಿಂಗಳಿಗೋ, ಹನ್ನೆರಡಕ್ಕೋ?
- ನಡುವೆ ವಿಳಾಸ, ಕೆಲಸ, ಲೈಸೆನ್ಸ್ ಬದಲಾದರೆ ಶುಲ್ಕ ಎಷ್ಟು?

ಉತ್ತರ ಬರಹದಲ್ಲಿ ಪಡೆಯಿರಿ. ಚಾಟ್ ಆದರೆ ಉಳಿಸಿಟ್ಟುಕೊಳ್ಳಿ. ಕೊಂಡ ಮೇಲೆ ಮನಸ್ಸು ಬದಲಾದರೆ 14 ದಿನದ ಕೂಲಿಂಗ್ ಆಫ್ ಅವಧಿ ಇದೆ. ಪಾಲಿಸಿ ಇದ್ದ ದಿನಗಳ ಹಣ ಮತ್ತು ಶುಲ್ಕ ಮುರಿದುಕೊಂಡು ಉಳಿದದ್ದು ಕೊಡುತ್ತಾರೆ.

ಇದೇ ಹೊತ್ತಿನಲ್ಲಿ ಬೇರೆ ದಾರಿಗಳ ಬೆಲೆಯನ್ನೂ ಕೇಳಿಬಿಡಿ. ಬ್ಲ್ಯಾಕ್ ಬಾಕ್ಸ್ ಪಾಲಿಸಿ (ಕಾರಿನಲ್ಲಿ ಸಾಧನ ಇಟ್ಟು, ಓಡಿಸುವ ರೀತಿ ನೋಡಿ ಬೆಲೆ ಕಟ್ಟುವುದು), ಸ್ವಲ್ಪ ಹೆಚ್ಚಿನ ಎಕ್ಸೆಸ್, ಅನುಭವಿ ಚಾಲಕರೊಬ್ಬರನ್ನು ನೇಮ್ಡ್ ಡ್ರೈವರ್ ಮಾಡುವುದು, ಸುಮಾರು ಮೂರು ವಾರ ಮುಂಚೆಯೇ ಕೋಟ್ ತಗೊಳ್ಳುವುದು. ಕೊನೇ ದಿನ ಹುಡುಕಿದವರಿಗೆ ಬೆಲೆ ಜಾಸ್ತಿ ಹೇಳುವುದು ಇಲ್ಲಿ ಮಾಮೂಲು. ಇವುಗಳಲ್ಲಿ ಒಂದೊಂದೇ ಆ 50 ಪೌಂಡಿಗಿಂತ ದೊಡ್ಡ ಉಳಿತಾಯ ಕೊಡಬಹುದು. ಆದರೆ ದಿನಾ ಮಗ ಓಡಿಸುವ ಕಾರನ್ನು ಅಪ್ಪನ ಹೆಸರಲ್ಲಿ ಇನ್ಶೂರ್ ಮಾಡಿಸಬೇಡಿ. ಅದು ಇಲ್ಲಿ ವಂಚನೆ, ಅಪಘಾತವಾದ ದಿನ ಪಾಲಿಸಿಯೇ ರದ್ದಾಗಬಹುದು.

ಹಂತ 8: ಎಂಟನೇ ತಿಂಗಳಿಂದ ಎಚ್ಚರ

ವರ್ಷದ ಪಾಲಿಸಿಯಾದರೆ ಕೊಂಡ ತಾರೀಖು ನೆನಪಿರುತ್ತದೆ. ಹತ್ತು ತಿಂಗಳದ್ದು ಅನಿರೀಕ್ಷಿತ ತಿಂಗಳಲ್ಲಿ ಮುಗಿಯುತ್ತದೆ. ಮಾರ್ಚ್‌ನಲ್ಲಿ ಕೊಂಡದ್ದು ಜನವರಿಗೆ ಮುಗಿಯುತ್ತದೆ, ಕ್ರಿಸ್‌ಮಸ್ ರಜೆಗೆ ಊರಿಗೆ ಹೋದವರಿಗೆ ಅದರ ಕಡೆ ಗಮನವೇ ಇರುವುದಿಲ್ಲ. ಕೊಂಡ ದಿನವೇ ಫೋನ್‌ನಲ್ಲಿ ನೆನಪೋಲೆ ಇಡಿ. ಇನ್ಶೂರೆನ್ಸ್ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಸ್ಥಳದಲ್ಲೇ ವಿಧಿಸುವ ದಂಡ 300 ಪೌಂಡ್, ಲೈಸೆನ್ಸ್ ಮೇಲೆ 6 ಪಾಯಿಂಟ್. ಟೆಸ್ಟ್ ಪಾಸಾದ ಮೊದಲ ಎರಡು ವರ್ಷದಲ್ಲಿ 6 ಪಾಯಿಂಟ್ ಬಂದರೆ ಲೈಸೆನ್ಸೇ ರದ್ದು, ಮತ್ತೆ ಥಿಯರಿಯಿಂದ ಶುರು. ಕಾರ್ ಸುಮ್ನೆ ಮನೆ ಮುಂದೆ ನಿಂತಿದ್ದರೂ ಇನ್ಶೂರೆನ್ಸ್ ಬೇಕು. ಬೇಡವೆಂದರೆ ರಸ್ತೆಯಿಂದ ತೆಗೆದು, 'ಓಡಿಸುತ್ತಿಲ್ಲ' ಅಂತ ಡಿವಿಎಲ್ಎಗೆ (ಇಲ್ಲಿನ ವಾಹನ, ಲೈಸೆನ್ಸ್ ಇಲಾಖೆ) ಮುಂಚೆಯೇ ಬರೆದುಕೊಟ್ಟಿರಬೇಕು.

ರಿನ್ಯೂವಲ್ ಪತ್ರದಲ್ಲಿ ಹಳೇ ಬೆಲೆ, ಹೊಸ ಬೆಲೆ ಪಕ್ಕಪಕ್ಕ ಇರುತ್ತವೆ. ಹಳೆಯದು ಹತ್ತು ತಿಂಗಳದ್ದು, ಹೊಸದು ಹನ್ನೆರಡರದ್ದು ಆಗಿರಬಹುದು. ಎರಡನ್ನೂ ತಿಂಗಳ ದರಕ್ಕೆ ಇಳಿಸಿ ನೋಡಿ. ಹಳೇ ಗ್ರಾಹಕರಿಗೆ ಹೊಸಬರಿಗಿಂತ ಹೆಚ್ಚು ಬೆಲೆ ಹೇಳುವುದನ್ನು 2022ರ ಜನವರಿ 1ರಿಂದ ನಿಯಮ ಮಾಡಿ ನಿಲ್ಲಿಸಿದ್ದಾರೆ. ಆದರೆ ಆ ನಿಯಮ ಒಂದು ಕಂಪನಿಯ ಒಳಗಿನ ಮಾತು. ಪಕ್ಕದ ಕಂಪನಿ ಇನ್ನೂ ಕಡಿಮೆಗೆ ಕೊಡಬಹುದು, ಆದ್ದರಿಂದ ಮತ್ತೆ ಹುಡುಕಲೇಬೇಕು.

ಪಾಲಿಸಿ ಮುಗಿದ ವಾರವೇ ಬೋನಸ್ ಪತ್ರ ತರಿಸಿಕೊಳ್ಳಿ. ಹೆಸರು, ವಾಹನ ಸಂಖ್ಯೆ, ಮುಗಿದ ದಿನ, '1 ವರ್ಷ' ಅನ್ನುವ ಮಾತು ಸರಿಯಿದೆಯೇ ನೋಡಿ. ಇದರಲ್ಲಿ ತಪ್ಪಿದ್ದರೆ ಆಗಲೇ ತಿದ್ದಿಸಬೇಕು. ಹೊಸ ಕಂಪನಿ ಅದನ್ನು ಕೇಳಿದಾಗ ಹುಡುಕಾಡಲು ಹೊತ್ತಿರುವುದಿಲ್ಲ.

ಕಂಪನಿಯ ಕೆಲಸದ ಮೇಲೆ ಒಂದು, ಒಂದೂವರೆ ವರ್ಷಕ್ಕೆ ಅಂತ ಬಂದವರಿಗೆ ಕೊನೆಯದಾಗಿ ಇದು. ನೀವು ವಾಪಸ್ ಹೋಗುವುದು ಖಚಿತವಾದರೆ ಬೋನಸ್‌ಗಾಗಿ ಒಂದು ಪೌಂಡ್ ಕೂಡ ಹೆಚ್ಚಿಗೆ ಕೊಡಬೇಡಿ. ಹತ್ತು ತಿಂಗಳೇ ಇರುತ್ತೀರಿ, ಅಷ್ಟಕ್ಕೇ ಪಾಲಿಸಿ ಬೇಕು ಅಂತಾದರೆ ಮಾತು ಬೇರೆ. ಮತ್ತೆ ಬರುವ ಸಾಧ್ಯತೆ ಇದ್ದರೆ ಬೋನಸ್ ಪತ್ರವನ್ನು ಪಾಸ್‌ಪೋರ್ಟ್ ಜೊತೆಗಿಟ್ಟು, ಪಾಲಿಸಿ ಮುಗಿದ ದಿನದಿಂದ ಎರಡು ವರ್ಷ ಯಾವತ್ತಿಗೆ ಆಗುತ್ತದೆ ಅಂತ ಅದರ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡಿ.